ಕೇದಾರದ ಡಬ್ಬಿ

ಕಾರವಾರದ ಬಾಯಿ ತೀರಿಕೊಂಡ ಸುದ್ದಿ ನನಗೆ ಫೋನಿನಲ್ಲಿ ಬಂತು. ಬೇರೆ ಹೇಗೆ ಬರಬೇಕು? ಅವರು ಆಯುಷ್ಯವನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದವರು, ನಾನು ಇನ್ನೂ ಕಳೆಯುತ್ತಿರುವವಳು. ಕಾರವಾರದ ಬೋರ್ಡಿನ ಮುಂದೆ ಕೂತ ಹುಡುಗಿಯೊಬ್ಬಳು ಬೆಳಗಾವಿಯ ಲೈನು ಹಿಡಿದು, ನನ್ನನ್ನು ಕರೆಸಿ, ಬಾಯಿ ಹೋದರೆಂದು ಹೇಳಿದಳು. ಜೊತೆಗೆ ಇನ್ನೊಂದು ಮಾತು ಹೇಳಿದಳು. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ಮುಂದೆ ಬರೆಯಲು ನನಗೆ ಕೈ ಬರಲಿಕ್ಕಿಲ್ಲ.

ಅವರ ಹೆಸರು ಬೇಡ, ಎಲ್ಲರಿಗೂ ಅವರು ಬಾಯಿ. ಖಾನಾಪುರದಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆದದ್ದು ನನಗೆ ನೆನಪಿಲ್ಲ. ಎಪ್ಪತ್ತರ ದಶಕದ ನಡುವೆ ನಾನು ಬೆಳಗಾವಿಯಿಂದ ಅಲ್ಲಿನ ಎಕ್ಸ್‌ಚೇಂಜಿಗೆ ಹೊಸದಾಗಿ ಹೋದಾಗ ಅವರಿಗೆ ನಲವತ್ತರ ಆಸುಪಾಸು. ಕಪ್ಪು ಬಣ್ಣ, ಉದ್ದನೆಯ ದೇಹ, ತುರುಬಿಗೆ ಅಬ್ಬಲಿಗೆ ಹೂವು. ಅವರಿಗೆ ಎರಡು ಧ್ವನಿಗಳಿದ್ದವು. ಬೋರ್ಡಿನ ಮುಂದೆ ಕೂತರೆ ಬೆಣ್ಣೆಯಂಥ ಧ್ವನಿ. ಎದ್ದು ಹೊರಗೆ ಬಂದರೆ ದಂಡೆಯಿಂದ ದೋಣಿಯನ್ನು ಕೂಗಿ ಕರೆಯುವ ಧ್ವನಿ. ಮೊದಲ ದಿನವೇ ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ನೌಕರಿಯ ಒಳಗುಟ್ಟು ಹೇಳಿದರು: "ನೋಡು ತಂಗಿ, ಎರಡೂ ಕಡೀದು ನಮ್ಮ ಕಿವಿಗೆ ಬೀಳ್ತದೆ. ಬಿದ್ದದ್ದು ಅಲ್ಲೇ ಬಿಡೂದು. ಆ ಕಡೀದು ಈ ಕಡೆ ಹೇಳಿದ್ರೆ ನೌಕರಿ ಹೋಗೂದು ಆಮೇಲೆ, ಮೊದಲು ಮರ್ಯಾದೆ ಹೋಗ್ತದೆ." ನಾನು ಆ ಪಾಠವನ್ನು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕಲಿತೆ.

ಬಾಯಿಯ ಗಂಡ ಮುಂಬಯಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಒಬ್ಬಂಟಿ ಹೆಂಗಸು, ಅದರಲ್ಲೂ ಮೀನು ತಿನ್ನುವವರು ಎಂದರೆ ಖಾನಾಪುರದಲ್ಲಿ ಬಾಡಿಗೆಗೆ ಕೋಣೆ ಸಿಗುವುದು ದುಸ್ತರವಾಗಿತ್ತು. ಕೊನೆಗೆ ಕೊಟ್ಟವರು ನಾವು ಅವ್ವಾರು ಎಂದು ಕರೆಯುತ್ತಿದ್ದ ಲಿಂಗಾಯತರ ಮನೆಯ ವಿಧವೆ. ಮಕ್ಕಳಿಲ್ಲ, ಮೊಳಕಾಲು ನೋವು, ದಿನಕ್ಕೆ ಎರಡು ಹೊತ್ತು ಲಿಂಗಪೂಜೆ. ಅವರದು ಒಂದೇ ಷರತ್ತು. ಅದರ ಹೆಸರನ್ನೂ ಬಾಯಿಂದ ಆಡದೆ, "ಮನ್ಯಾಗ ಅದನ್ನೊಂದ ತರಬ್ಯಾಡವಾ" ಎಂದಿದ್ದರಂತೆ. ಬಾಯಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಸುಮ್ಮನೆ ತಲೆಯಾಡಿಸಿದರು. ಇದು ಅವರ ಜೀವನದ ನೇಮವಾಗಿತ್ತು. "ನಾನು ಸುಳ್ಳು ಹೇಳೂದಿಲ್ಲ. ಸುಮ್ಮನಿರ್ತೆ, ಅಷ್ಟೇ" ಎನ್ನುತ್ತಿದ್ದರು. ನಾನು ಅದೇ ಕೋಣೆಗೆ ಜೊತೆಗಾತಿಯಾಗಿ ಸೇರಿದಾಗ ಅವ್ವಾರಿಗೆ ಇನ್ನಷ್ಟು ನಿಶ್ಚಿಂತೆಯಾಯಿತು. ಕೊರಳಲ್ಲಿ ಲಿಂಗವಿದ್ದ ಹುಡುಗಿ ಮನೆಯೊಳಗಿದ್ದರೆ ಕಾವಲು ಇದ್ದ ಹಾಗೆ ಎಂದು ಅವರ ಲೆಕ್ಕ.

ಕಾವಲು ಚೆನ್ನಾಗಿಯೇ ಇತ್ತು. ಬಾಯಿಯ ತಮ್ಮ ಗೋವೆಯ ಬಂದರಿನಿಂದ ಹೊರಡುವ ಹಡಗಿನಲ್ಲಿ ಅಡುಗೆಯವನು. ಹಡಗು ದಂಡೆಗೆ ಬಂದಾಗಲೆಲ್ಲ ಒಂದು ಚೀಲ ಮೀನಿನ ಡಬ್ಬಿಗಳನ್ನು ಪರಿಚಯದ ರೈಲು ಗಾರ್ಡಿನ ಕೈಯಲ್ಲಿ ಕೊಡುತ್ತಿದ್ದ. ಅದು ಲೋಂಡಾ ದಾಟಿ ಖಾನಾಪುರ ಸ್ಟೇಷನ್ನಿಗೆ ಬಂದಿಳಿಯುತ್ತಿತ್ತು. ಡಬ್ಬಿಯ ಸುತ್ತ ಅಂಟಿಸಿದ ಕಾಗದದ ಮೇಲೆ ಮೀನಿನ ಚಿತ್ರ ಇರುತ್ತಿದ್ದರಿಂದ ಬಾಯಿ ಮೊದಲು ಅವನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ ಕಾಗದ ಸುಲಿಯುತ್ತಿದ್ದರು. ಆಮೇಲೆ ಅದು ಯಾವ ಡಬ್ಬಿ ಎಂದು ಹೇಳಲು ದೇವರಿಗೂ ಸಾಧ್ಯವಿರಲಿಲ್ಲ. ಹಡಗಿನವರು ಟ್ಯೂನಾ ಎನ್ನುವ ಆ ಮೀನಿಗೆ ಕಾರವಾರದ ಕಡೆ ಕೇದರ್ ಎಂದು ಹೆಸರು.

ಡಬ್ಬಿಯ ಮೀನಿನಷ್ಟು ಸಸಾರದ ಅಡುಗೆ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಬಾಯಿ ವಾದಿಸುತ್ತಿದ್ದರು. ಹೊಟ್ಟೆ ಸೀಳಿ ತೊಳೆಯುವ ಕೆಲಸವಿಲ್ಲ, ಮುಳ್ಳಿಲ್ಲ, ಬೆಂದೇ ಬಂದಿರುತ್ತದೆ. ಎಣ್ಣೆಯಲ್ಲಿ ಅದ್ದಿಟ್ಟ ಡಬ್ಬಿಯಾದರೆ ಆ ಎಣ್ಣೆಯನ್ನೇ ಬೋಗುಣಿಗೆ ಸುರಿದು ಉಳ್ಳಾಗಡ್ಡಿ ಹುರಿಯುವರು. ಹಸಿಮೆಣಸಿನಕಾಯಿ, ಅರಿಸಿನ, ಒಂದೆರಡು ಕೋಕಂ ಸಿಪ್ಪೆ ಬೀಳುತ್ತಿದ್ದವು. ಮೇಲೆ ಮೀನನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ ಹಾಕಿ, ಇಳಿಸುವ ಮುಂದೆ ಒಂದು ಹಿಡಿ ಕಾಯಿತುರಿ. ಸ್ಟೋವಿನ ಭರ್ರೆನ್ನುವ ಸಪ್ಪಳ ಅಡಗುವುದರೊಳಗೆ ಒಣ ಪಲ್ಯದಂಥ ಸುಕ್ಕೆ ತಯಾರು. ಸೀಮೆಎಣ್ಣೆ ಸಿಗದ ವಾರ ಉರಿಯೂ ಬೇಡ. ತಂಗಳನ್ನಕ್ಕೆ ಹಸಿ ಉಳ್ಳಾಗಡ್ಡಿ, ಲಿಂಬೆರಸ, ಚೂರು ಕೊಬ್ಬರಿ ಎಣ್ಣೆ, ಉಪ್ಪುನೀರು ಬಸಿದ ಮೀನು, ಕಲಸಿದರೆ ಊಟ. ರಜೆಯ ದಿನ ಬೇಯಿಸಿದ ಬಟಾಟೆಯ ಜೊತೆ ಮೀನನ್ನು ಕಿವುಚಿ, ಬಿಲ್ಲೆ ತಟ್ಟಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕೆಂಪಗೆ ಸುಡುವರು. ಎಲ್ಲಕ್ಕಿಂತ ರುಚಿಯಾದದ್ದು ರಂಜಕದ ಮೀನು. ಹಣ್ಣು ಮೆಣಸಿನಕಾಯಿಗೆ ಬೆಳ್ಳುಳ್ಳಿ ಹಾಕಿ ಕುಟ್ಟಿದ ಆ ಕೆಂಪು ಚಟ್ನಿಯನ್ನು ಅವ್ವಾರೇ ನಮಗೆಂದು ಪ್ರೀತಿಯಿಂದ ಕೊಟ್ಟಿರುತ್ತಿದ್ದರು. ಅದನ್ನು ಮೀನಿಗೆ ಕಲಸಿ ಜೋಳದ ರೊಟ್ಟಿಯಲ್ಲಿ ಸುತ್ತಿ ತಿನ್ನುವಾಗ ಗಂಟಲಲ್ಲಿ ಖಾರವೂ ಪಾಪವೂ ಒಟ್ಟಿಗೇ ಇಳಿಯುತ್ತಿದ್ದವು.

ನಾನು ತಿನ್ನುತ್ತಿದ್ದೆನೇ ಎಂದು ಯಾರೂ ಕೇಳಬಾರದು. ನಾನು ಮಸಾಲೆ ಮಾತ್ರ ತಿನ್ನುತ್ತಿದ್ದೆ. ಮಸಾಲೆಗೆ ಅಂಟಿಕೊಂಡು ಬಂದದ್ದು ನನ್ನ ಜವಾಬ್ದಾರಿಯಲ್ಲ ಎಂದು ಲಿಂಗವನ್ನು ಬೆನ್ನಿನ ಕಡೆಗೆ ಸರಿಸಿಕೊಳ್ಳುತ್ತಿದ್ದೆ. ಬಾಯಿ ನನ್ನ ತಟ್ಟೆ ನೋಡಿ ನಗುತ್ತಿದ್ದರು.

ವಾಸನೆ ಅಡಗಿಸಲು ಅಡುಗೆಗೆ ಮುಂಚೆ ಲೋಬಾನ ಹಾಕುತ್ತಿದ್ದರು. ಕೋಣೆಯೆಲ್ಲ ಹೊಗೆ. ಹಾಗಾಗಿ ನಾವು ಮೀನು ತಿಂದ ದಿನಗಳಲ್ಲೇ ಅವ್ವಾರು ನೆರೆಯವರ ಮುಂದೆ, ನಮ್ಮ ಬಾಯಿಗೆ ದೇವರ ಮೇಲೆ ಬಾಳ ಭಕ್ತಿ ಎಂದು ಹೊಗಳುತ್ತಿದ್ದರು. ಅದು ಕಿವಿಗೆ ಬಿದ್ದಾಗ ಬಾಯಿ ಮುಖ ತಗ್ಗಿಸಿ ಪಾತ್ರೆ ತಿಕ್ಕುತ್ತಿದ್ದರು.

ಒಂದು ಹಬ್ಬದ ದಿನ ಅವ್ವಾರು ನಮಗೆ ಹುಗ್ಗಿ ಕೊಡಲೆಂದು ಬಟ್ಟಲು ಹಿಡಿದು ಹೇಳದೆ ಕೇಳದೆ ಒಳಗೆ ಬಂದರು. ಆಗಷ್ಟೇ ಕಾಗದ ಸುಲಿದ ಡಬ್ಬಿಯೊಂದು ಟ್ರಂಕಿನ ಮೇಲೆ ಮಿರಮಿರ ಮಿಂಚುತ್ತ ಕೂತಿತ್ತು. ಅವ್ವಾರು ಬಟ್ಟಲು ಕೆಳಗಿಟ್ಟು ಅದನ್ನು ಎತ್ತಿ ಅಲುಗಾಡಿಸಿದರು.

"ಇದೇನವಾ ಬಾಯಿ? ಒಳಗ ನೀರ ಅಳ್ಳಾಡತಾವ."

ಬಾಯಿ ನನ್ನ ಮುಖ ನೋಡಿದರು. ಸುಮ್ಮನಿರುವ ಅವರ ನೇಮ ಇಲ್ಲಿ ನಡೆಯುವಂತಿರಲಿಲ್ಲ, ಸುಳ್ಳು ನಾಲಿಗೆಗೆ ಬರುವಂತಿರಲಿಲ್ಲ. ತಮ್ಮ ಊರಿನ ಹೆಸರಿನಲ್ಲಿ ನಿಜವನ್ನೇ ಹೇಳಿದರು: "ಕೇದರ್, ಅಕ್ಕಾ."

"ಕೇದಾರ? ಕೇದಾರದಿಂದ ಬಂದದ್ದೇನ? ಯಾರ ತಂದಕೊಟ್ರವಾ?"

"ತಮ್ಮ ಕಳಿಸಿದ್ದು." ಇದೂ ನಿಜವೇ.

ಅವ್ವಾರು ಎರಡೂ ಕೈಯಿಂದ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು. ಕೇದಾರವೆಂದರೆ ಅವರ ಮನೆತನದ ಗುರುಪೀಠ. ಗಂಡ ಕರೆದುಕೊಂಡು ಹೋಗುತ್ತೇನೆ ಎಂದಿದ್ದನಂತೆ. "ಅವರೂ ಹೋದ್ರು, ನನ್ನ ಮೊಳಕಾಲೂ ಹೋದ್ವು" ಎಂದು ಆ ಮಾತನ್ನು ಅವರು ಎಷ್ಟು ಸಲ ಹೇಳಿ ನಕ್ಕಿದ್ದರೋ. ನಮ್ಮ ಕಡೆಯ ಮನೆಗಳಲ್ಲಿ ಕಾಶಿಯಿಂದ ತಂದ ಗಂಗೆಯ ಗಿಂಡಿಯನ್ನು ಬೆಸುಗೆ ಒಡೆಯದೆ ದೇವರ ಜಗಲಿಯ ಮೇಲೆ ಇಟ್ಟಿರುತ್ತಾರೆ. ಯಾರಾದರೂ ಕೊನೆಯುಸಿರು ಎಳೆಯುವಾಗ ಒಡೆದು ಬಾಯಿಗೆ ಹನಿ ಬಿಡುತ್ತಾರೆ. ಎಲ್ಲೂ ಸೀಳಿಲ್ಲದ, ಒಳಗೆ ನೀರು ಕುಲುಕುವ ಡಬ್ಬಿಯನ್ನು ಅವ್ವಾರು ಅದೇ ಎಂದು ತಿಳಿದರು.

"ನನಗ ಕೊಡತೀಯೇನವಾ ಇದನ್ನ? ಕೊನೀಗೆ ಬಾಯಾಗ ಬಿಡಾಕ ಆಗತೈತಿ."

ಆ ಕ್ಷಣ ನಿಜವನ್ನು ಬಿಡಿಸಿ ಹೇಳಿದ್ದರೆ ಸಂಜೆಯೊಳಗೆ ನಮ್ಮ ಟ್ರಂಕುಗಳು ಬೀದಿಯಲ್ಲಿರುತ್ತಿದ್ದವು. ಆದರೆ ಬಾಯಿ ಹೆದರಿದ್ದು ಅದಕ್ಕೊಂದಕ್ಕೇ ಅಲ್ಲ. ಅವ್ವಾರ ಮುಖ ಆಗ ಹೇಗಾಗಿತ್ತೆಂದರೆ, ಅದನ್ನು ನೋಡಿದ ಯಾರಿಗೂ ಮೀನು ಎನ್ನಲು ಬಾಯಿ ಬರುತ್ತಿರಲಿಲ್ಲ. ಡಬ್ಬಿ ಜಗಲಿ ಏರಿತು. ಆ ದಿನ ಬಾಯಿ ಹುಗ್ಗಿ ಮುಟ್ಟಲಿಲ್ಲ. ನೀವು ಸುಳ್ಳು ಹೇಳಲಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಲು ಹೋದೆ. "ಅದಕ್ಕೇ ಇದು ಸುಳ್ಳಿಗಿಂತ ಕೆಟ್ಟದು ತಂಗಿ" ಎಂದರು.

ದಿನಾ ಬೆಳಿಗ್ಗೆ ಅವ್ವಾರು ಡಬ್ಬಿಗೆ ವಿಭೂತಿ ಹಚ್ಚಿ ಹೂವು ಏರಿಸುವುದು ನಮ್ಮ ಬಾಗಿಲಿನಿಂದ ಕಾಣುತ್ತಿತ್ತು. ಬಾಯಿ ಚಹಾ ಕುಡಿಯಲು ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದರು. ಮೀನು ಬಿಟ್ಟರು. ಗೋವೆಯಿಂದ ಬಂದ ಡಬ್ಬಿಗಳನ್ನು ಸ್ಟೇಷನ್ನಿನಲ್ಲೇ ಹಂಚಿಬಿಡುತ್ತಿದ್ದರು. ನನಗೆ ಆ ಮಸಾಲೆ ತಪ್ಪಿತಲ್ಲ ಎಂದು ಬೇಸರವಾಗುತ್ತಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಸಂಜೆ ಡ್ಯೂಟಿ ಇಲ್ಲದಿದ್ದರೆ ಅವ್ವಾರ ಮೊಳಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕುತ್ತ ತಿಕ್ಕುತ್ತ ಆ ಕೆಲಸ ತಪ್ಪಿನ ದಂಡವಾಗಿ ಉಳಿಯಲಿಲ್ಲ. ಇಬ್ಬರೂ ತಂತಮ್ಮ ಗಂಡಂದಿರನ್ನು ಬೈಯುತ್ತ, ನಗುತ್ತ ಅಕ್ಕತಂಗಿಯರ ಹಾಗಾದರು. ಹಾಗಾದಷ್ಟೂ ಬಾಯಿಯ ಸಂಕಟ ಹೆಚ್ಚಾಯಿತು. ಜಗಲಿಯ ಮೇಲೆ ಇದ್ದದ್ದು ಇರಲಿ, ಮುಂದೊಂದು ದಿನ ಅದನ್ನು ಒಡೆದು ಅವ್ವಾರ ಬಾಯಿಗೆ ಬಿಡುವವರಿದ್ದಾರೆ ಎಂಬುದು ಅವರ ಎದೆಯಲ್ಲಿ ಕಲ್ಲಾಗಿ ಕೂತಿತ್ತು.

ಆಮೇಲೆ ಅವರು ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ನಮಗೆ ಸರಕಾರ ಕೊಡುತ್ತಿದ್ದ ಪ್ರವಾಸದ ಸವಲತ್ತನ್ನು ಎಲ್ಲರೂ ಊರಿಗೆ ಹೋಗಲು ಬಳಸಿದರೆ, ಬಾಯಿ ಕೇದಾರಕ್ಕೆ ಹೊರಟರು. ಬೇಸಿಗೆಯಲ್ಲೂ ಹಿಮ ಬೀಳುವ ಬೆಟ್ಟಕ್ಕೆ, ಸಮುದ್ರದ ದಂಡೆಯ ಹೆಂಗಸು, ಒಂದು ಹತ್ತಿ ಸೀರೆಯ ಮೇಲೆ ನನ್ನ ಹಳೆಯ ಸ್ವೆಟರ್ ಹಾಕಿಕೊಂಡು. ಅವ್ವಾರಿಗೆ ಹೇಳಿದರೆ ಎರಡೂ ತೀರ್ಥ ಇರಲಿ ಎಂದು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಗುಟ್ಟಾಗಿ ಅದಲು ಬದಲು ಮಾಡುವುದೊಂದೇ ದಾರಿ ಎಂದು ಅವರ ಹಂಚಿಕೆ. ಹೊರಡುವಾಗ, "ಉತ್ತರಕ್ಕೆ ಹೋಗಿ ಬರ್ತೆ ಅಕ್ಕಾ" ಎಂದಷ್ಟೇ ಹೇಳಿದರು. ಉತ್ತರವೆಂದರೆ ಮುಂಬಯಿ, ಗಂಡನನ್ನು ಒಮ್ಮೆ ನೋಡಿ ಬರಲು ಹೋಗುತ್ತಿದ್ದಾಳೆ ಎಂದು ಅವ್ವಾರು ತಿಳಿದರು. ಏನೂ ಕೇಳದೆ ಹಣೆಗೆ ವಿಭೂತಿ ಹಚ್ಚಿ ಕಳಿಸಿದರು.

ಬಾಯಿ ಕೇದಾರದಲ್ಲಿದ್ದಾಗಲೇ ಬಾಜು ಮನೆಯ ಮುದುಕರ ಉಸಿರು ಮೇಲೆ ಕೆಳಗೆ ಆಗತೊಡಗಿತು. ಅವರ ಸೊಸೆ ಅಳುತ್ತ ಓಡಿಬಂದಳು. "ಕಾಕೂ, ಕೇದಾರದ ತೀರ್ಥ ಕೊಡ್ರಿ, ಮಾವನೋರಿಗೆ." ಅವ್ವಾರು ಒಂದು ಗಳಿಗೆಯೂ ಯೋಚಿಸಲಿಲ್ಲ. ಕೊಡುತ್ತೇನೆ, ನೀನು ನಡಿ ಎಂದು ಅವಳನ್ನು ಕಳಿಸಿ, ಜಗಲಿಯಿಂದ ಡಬ್ಬಿ ಇಳಿಸಿ, ಮೊಳೆ ಕಲ್ಲು ತರಲು ನನಗೆ ಹೇಳಿದರು. ನಾನು ತರಲಿಲ್ಲ. ಅವರ ಕೈ ಹಿಡಿದುಕೊಂಡೆ.

"ಒಡಿಬ್ಯಾಡ್ರಿ ಅವ್ವಾರ. ಅದರಾಗ ಮೀನ ಐತಿ."

ಅವ್ವಾರು ನನ್ನನ್ನು ನೋಡಲಿಲ್ಲ, ಡಬ್ಬಿಯನ್ನು ನೋಡಿದರು. "ಮತ್ತ ಆಕಿ ಕೇದಾರ ಅಂದ್ಲಲ್ಲ?"

ಅವರ ಊರಲ್ಲಿ ಆ ಮೀನಿನ ಹೆಸರೇ ಅದು ಎಂದೆ. ಅವ್ವಾರು ಗೋಡೆಗೆ ಒರಗಿ ಕೂತರು. ಹೊರಗೆ ಆ ಸೊಸೆ ಮತ್ತೆ ಕೂಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವ್ವಾರು ಎದ್ದು, ಸೆರಗಿನಿಂದ ಡಬ್ಬಿ ಒರೆಸಿ, ಅದನ್ನು ಇದ್ದ ಜಾಗದಲ್ಲೇ ಇಟ್ಟರು. ತಮ್ಮ ಲಿಂಗಪೂಜೆಯ ತೀರ್ಥವನ್ನು ಬಟ್ಟಲಲ್ಲಿ ಹಿಡಿದು ಬಾಜು ಮನೆಗೆ ಹೋದರು. ಕೇದಾರದ್ದು ತನ್ನ ಸಾವಿಗೆ ಬೇಕು, ಕೊಡುವುದಿಲ್ಲ ಎಂದು ಅಲ್ಲಿ ಹೇಳಿದರಂತೆ. ಸಾಯುವವನ ಬಾಯಿಗೆ ಒಂದು ಹನಿ ಬಿಡಲಿಲ್ಲ ಎಂದು ಓಣಿಯವರು ವರ್ಷಗಟ್ಟಲೆ ಆಡಿಕೊಂಡರು. ಅವ್ವಾರು ಅದನ್ನೆಲ್ಲ ಕೇಳಿಸಿಕೊಂಡೇ ಓಡಾಡಿದರು.

ಅವತ್ತು ಸಂಜೆ ನನ್ನನ್ನು ಕರೆದರು. "ಆಕಿ ಸುಳ್ಳ ಹೇಳಿಲ್ಲವಾ. ನಾ ತಪ್ಪ ಕೇಳಿದೆ. ನನಗ ಗೊತ್ತಾಗೇತಿ ಅಂತ ತಿಳದ್ರ ಆಕಿ ಈ ಮನ್ಯಾಗ ಒಂದ ದಿನ ನಿಲ್ಲಾಕಿಲ್ಲ. ಲಿಂಗ ಮುಟ್ಟಿ ಹೇಳು, ಆಕಿಗೆ ತಿಳಸೂದಿಲ್ಲಂತ." ಬೆನ್ನಿಗೆ ಸರಿಸಿ ಸರಿಸಿ ರೂಢಿಯಾಗಿದ್ದ ಲಿಂಗವನ್ನು ಮುಂದಕ್ಕೆ ತಂದು, ಮುಟ್ಟಿ ಹೇಳಿದೆ.

ಬಾಯಿ ತಿರುಗಿ ಬಂದಾಗ ಮುಖದ ಚರ್ಮ ಸುಲಿದಿತ್ತು, ತುಟಿ ಒಡೆದಿದ್ದವು. ಮುಂಬಯಿಯಲ್ಲಿ ಗಂಡ ಎಂಥ ಗತಿ ಕಾಣಿಸಿದನೋ ಎಂದು ಅವ್ವಾರು ಒಳಗೊಳಗೇ ಮರುಗಿ ಅವರಿಗೆ ಬಿಸಿ ರೊಟ್ಟಿ ಬಡಿದು ಹಾಕಿದರು. ಬಾಯಿ ಮೊದಲೇ ಒಂದು ಡಬ್ಬಿ ಖಾಲಿ ಮಾಡಿ ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದರು. ಅದನ್ನೂ ಕೇದಾರದ ನೀರಿನ ಬಾಟಲಿಯನ್ನೂ ಹಿಡಿದು ನಾವಿಬ್ಬರೂ ಬೆಳಗಾವಿಗೆ ಹೋಗಿ, ಪೇಟೆಯಲ್ಲಿ ತಗಡಿನ ಕೆಲಸ ಮಾಡುವವನೊಬ್ಬನನ್ನು ಹುಡುಕಿದೆವು. ಅವನು ಮುಚ್ಚಳಕ್ಕೆ ಬೆಸುಗೆ ಹಾಕಿ, ಮೊಳೆಯ ತೂತಿನಿಂದ ನೀರು ತುಂಬಿಸಿ, ತೂತಿನ ಮೇಲೊಂದು ಸೀಸದ ಹನಿ ಬಿಟ್ಟ. ಮರುದಿನ ಅವ್ವಾರು ಬಚ್ಚಲಿಗೆ ಹೋದಾಗ ನಾನು ಕಾವಲು ನಿಂತೆ, ಬಾಯಿ ಡಬ್ಬಿ ಬದಲಿಸಿದರು. ಬೆಸುಗೆ ಕಾಣದ ಹಾಗೆ ವಿಭೂತಿ ದಪ್ಪಗೆ ಮೆತ್ತಿದರು. ಹಳೆಯ ಡಬ್ಬಿಯನ್ನು ಮಲಪ್ರಭೆಗೆ ಬಿಟ್ಟು ಬಂದು, ನಾನು ಯಾರಿಗೂ ಹೇಳಬಾರದೆಂದು ಅವರೂ ಮಾತು ತೆಗೆದುಕೊಂಡರು. ಹೀಗೆ ಎರಡೂ ಕಡೆಯದು ನನ್ನ ಕಿವಿಯಲ್ಲಿ ಉಳಿಯಿತು.

ಕೆಲವು ವರ್ಷ ಹಾಗೇ ಕಳೆದವು. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಅವ್ವಾರು ಹಾಸಿಗೆ ಹಿಡಿದರು. ಬೈಲಹೊಂಗಲದ ಕಡೆಯಿಂದ ತಂಗಿಯ ಮಗಳು ಬಂದಿದ್ದಳು. ಒಂದು ಮಧ್ಯಾಹ್ನ ನಾಡಿ ಸಿಗದಂತಾದಾಗ, ಕೇದಾರದ ತೀರ್ಥ ಬಿಡೋಣ ಎಂದು ಅವಳೇ ಜಗಲಿಯ ಕಡೆ ಹೋದಳು. ಅವ್ವಾರು ಬೇಡ ಎನ್ನಬಹುದಿತ್ತು. ಅವರ ಮಟ್ಟಿಗೆ ಅದರಲ್ಲಿದ್ದದ್ದು ಇನ್ನೂ ಮೀನೇ. ಅವರು ನನ್ನನ್ನು ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಬಾಯಿಯನ್ನು ನೋಡಿದರು.

"ಬಾಯಿ ಕೈಲೆ ಹಾಕಸ್ರಿ" ಎಂದರು.

ಅವರು ಏನು ಮಾಡಹೊರಟಿದ್ದಾರೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಜನ್ಮವಿಡೀ ಅದರ ಹೆಸರನ್ನೂ ಆಡದ ಹೆಂಗಸು, ನಾಲ್ಕು ಜನರ ಮುಂದೆ ಬಾಯಿಯ ಮಾನ ಹೋಗಬಾರದೆಂದು, ಅದನ್ನು ಕೊನೆಯ ಗುಟುಕಾಗಿ ನುಂಗಲು ತಯಾರಾಗಿದ್ದರು. ಬಾಯಿ ಮುಚ್ಚಳ ಕೊರೆದು, ಚಮಚಕ್ಕೆ ಬಗ್ಗಿಸಿ, ತುಟಿಗೆ ಹಿಡಿದರು. ಅವ್ವಾರು ಕಣ್ಣು ಬಿಗಿಯಾಗಿ ಮುಚ್ಚಿ ನುಂಗಿದರು. ಆಮೇಲೆ ಕಣ್ಣು ತೆರೆದರು. ಅಷ್ಟು ಅಚ್ಚರಿಯನ್ನು ನಾನು ಸಾಯುವವರ ಮುಖದ ಮೇಲೆ ಇನ್ನೊಮ್ಮೆ ಕಂಡಿಲ್ಲ.

"ನೀರ!" ಎಂದರು. "ಇದು ನೀರ ಐತಲ್ಲವಾ ಬಾಯಿ..."

ಬಾಯಿಯ ಕೈಯಿಂದ ಚಮಚ ಬಿತ್ತು. ತಂಗಿಯ ಮಗಳು, ನೀರು ಕೇಳುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ಹಾಕಿದಳು. ಸಂಜೆಯೊಳಗೆ ಅವ್ವಾರು ಹೋದರು.

ಅದೇ ವರ್ಷ ಬಾಯಿ ಕಾರವಾರಕ್ಕೆ ವರ್ಗ ಮಾಡಿಸಿಕೊಂಡರು. ಕಳಿಸಲು ಖಾನಾಪುರ ಸ್ಟೇಷನ್ನಿಗೆ ಹೋಗಿದ್ದೆ. ಲೋಂಡಾ ಕಡೆಯ ಗಾಡಿ ಬರುವುದಿತ್ತು. ಟ್ರಂಕಿನ ಮೇಲೆ ಕೂತವರು ತಟ್ಟನೆ ಕೇಳಿದರು: "ಅಕ್ಕ ಹಾಗೆ ಯಾಕೆ ಹೇಳಿದ್ರು ತಂಗಿ? ತೀರ್ಥ ನೀರಲ್ಲದೆ ಇನ್ನೇನು ಇರ್ತದೆ? ಒಳಗೆ ಬೇರೆ ಇತ್ತು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯಿಂದ ಕುಡಿದ್ರು. ನನ್ನ ಮೇಲೆ ಎಷ್ಟು ಸಿಟ್ಟು ಇಟ್ಟುಕೊಂಡು ಹೋದ್ರೋ."

ಸಿಟ್ಟಲ್ಲ ಎಂದು ಹೇಳಬೇಕಿತ್ತು. ಓಣಿಯವರ ಬಾಯಿಗೆ ಬಿದ್ದು ನಿಮ್ಮನ್ನು ಉಳಿಸಿಕೊಂಡರು, ನೀವು ಮನೆ ಬಿಟ್ಟು ಹೋಗಬಾರದೆಂದು ನನ್ನಿಂದ ಆಣೆ ಮಾಡಿಸಿದರು ಎಂದು ಹೇಳಬೇಕಿತ್ತು. ಅವ್ವಾರೇ ಇಲ್ಲದ ಮೇಲೆ ಆ ಆಣೆಗೆ ಏನು ಬೆಲೆ? ನನ್ನನ್ನು ತಡೆದದ್ದು ಆಣೆಯಲ್ಲ. ಗುಟ್ಟು ಒಡೆದವಳು ನೀನೇನಾ ಎಂದು ಬಾಯಿ ನನ್ನನ್ನು ನೋಡುವ ನೋಟಕ್ಕೆ ಹೆದರಿದೆ. ನನಗೇನೂ ಗೊತ್ತಿಲ್ಲರಿ ಎಂದೆ. ಸುಳ್ಳು ಹೇಳದವರ ಜೊತೆ ಅಷ್ಟು ವರ್ಷ ಒಂದೇ ಕೋಣೆಯಲ್ಲಿದ್ದು ನಾನು ಕಲಿತದ್ದು ಅಷ್ಟು. ಗಾಡಿ ಬಂತು, ಅವರು ಹತ್ತಿದರು.

ನಾನು ಬೆಳಗಾವಿಗೆ ವರ್ಗವಾಗಿ ಬಂದ ಮೇಲೂ ಇತ್ತ ಬರುವ ಯಾರದಾದರೂ ಕೈಯಲ್ಲಿ, ಕಾಗದ ಸುಲಿದ ಡಬ್ಬಿಯೊಂದನ್ನು ಮಹಾಂತೇಶ ನಗರದ ನಮ್ಮ ಮನೆಗೆ ಕಳಿಸುತ್ತಿದ್ದರು. ಮಸಾಲೆ ಮಾತ್ರ ತಿನ್ನಲು ಹೇಳಿ ಎಂದು ಹೇಳಿ ಕಳಿಸುತ್ತಿದ್ದರಂತೆ. ತಾವು ಮಾತ್ರ ಮೀನು ಮತ್ತೆ ಮುಟ್ಟಲೇ ಇಲ್ಲ. ಸಮುದ್ರದ ದಂಡೆಯಲ್ಲಿ ಕೂತು ಬೇಳೆ ಸಾರು ಉಂಡರು.

ಕಾರವಾರದ ಹುಡುಗಿ ಹೇಳಿದ ಇನ್ನೊಂದು ಮಾತು ಇದು. ಕೊನೆಯ ದಿನ ಚಮಚದಲ್ಲಿ ನೀರು ಹಿಡಿದರೆ ಅವರು ತುಟಿ ಬಿಚ್ಚಲಿಲ್ಲವಂತೆ. "ಮೊದಲು ನೋಡಿ, ಅದು ನೀರೇ ಹೌದಾ?" ಎಂದು ಮತ್ತೆ ಮತ್ತೆ ಕೇಳಿದರಂತೆ. ಪಾಪ, ಕೊನೆಗೆ ಅವರಿಗೆ ಭ್ರಮೆಯಾಗಿತ್ತು ಎಂದಳು.

ಭ್ರಮೆಯಲ್ಲ ಎಂದೆ. ನಾನು ಮುಂದೆ ಏನೋ ಹೇಳುತ್ತೇನೆಂದು ಆ ಕಡೆ ಹುಡುಗಿ ಕಾಯುತ್ತಿದ್ದಳು. ನಾನು ಪ್ಲಗ್ಗು ಕಿತ್ತೆ.